ಗೋಲ್ಡನ್ ಸ್ಯಾಡಲ್ ಕಟ್ಟೆಗೆ ಬಂದದ್ದು

ಓರಿನ್ ಕ್ವಾಮ್‌ಗೆ ಒಂದು ಹೋರಿ ಕೊಳ್ಳಲು ಪೂರಾ ಒಂದು ಚಳಿಗಾಲ ಬೇಕಾಗುತ್ತಿತ್ತು. ಕ್ರಿಸ್‌ಮಸ್ ಕಳೆಯುತ್ತಿದ್ದಂತೆ ಹೋರಿಗಳ ಕ್ಯಾಟಲಾಗು ಅಂಚೆಯಲ್ಲಿ ಬರುತ್ತಿತ್ತು. ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಹೋರಿ ಹುಟ್ಟಿದಾಗಿನ ತೂಕ, ಅದರ ತಾಯಿಯ ಕೆಚ್ಚಲು, ಅಜ್ಜಿಯ ಗೊರಸು, ಮುತ್ತಜ್ಜನ ಮುಂಗೋಪ ಎಲ್ಲವನ್ನೂ ಓದಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ. ಆಮೇಲೆ ಇನ್ನೂರು ಮೈಲಿ ಪಿಕಪ್ ಓಡಿಸಿಕೊಂಡು ಹೋಗಿ, ಹಿಮದಲ್ಲಿ ನಿಂತು, ಹೋರಿ ನಡೆಯುವುದನ್ನು ಹಿಂದಿನಿಂದ ನೋಡಿ, ಏನೂ ಕೊಳ್ಳದೆ ವಾಪಸು ಬರುತ್ತಿದ್ದ.

ಅದೇ ಓರಿನ್ ತನ್ನ ಆರೋಗ್ಯ ವಿಮೆಯನ್ನು ಆರಿಸಿಕೊಂಡದ್ದು ಒಂದು ತುಂಡು ಹಣ್ಣಿನ ಪೈ ತಿಂದು ಮುಗಿಸುವಷ್ಟರಲ್ಲಿ. ಅದೂ ಬೆರಳಗಲದ ತುಂಡು.

ಅವನ ಹೆಂಡತಿ ಆರ್ಡಿಸ್ ಈ ಮಾತನ್ನು ಆಡಿ ತೋರಿಸುವ ಹಾಗಿರಲಿಲ್ಲ. ಈ ಮಾರ್ಚಿನಲ್ಲಿ ತನಗೆ ಅರವತ್ತೈದು ತುಂಬಿದಾಗ ಅವಳು ಪೈ ಕೂಡ ಕೇಳಿರಲಿಲ್ಲ. ‘ನಂದು ಯಾವುದೋ ಅದಕ್ಕೇ ಇವಳನ್ನೂ ಸೇರಿಸಿಬಿಡು’ ಎಂದು ಓರಿನ್ ವಿಮೆಯವನಿಗೆ ಹೇಳಿದ್ದ. ಕಡಸನ್ನು ಹಳೆಯ ಹಸುಗಳ ಜತೆ ಅದೇ ಹುಲ್ಲುಗಾವಲಿಗೆ ಬಿಡು ಎಂದಷ್ಟೇ ಸಲೀಸಾಗಿ ಹೇಳಿದ್ದ. ವಿಮೆಯವನು ತೋರಿಸಿದ ಕಡೆ ಅವಳು ಸಹಿ ಹಾಕಿ, ಒಲೆಯ ಮೇಲಿಟ್ಟಿದ್ದ ಆಲೂಗಡ್ಡೆ ನೋಡಲು ಎದ್ದು ಹೋಗಿದ್ದಳು.

ಮೊಂಟಾನಾ ರಾಜ್ಯದ ಪೂರ್ವ ಮೂಲೆಯ ಡ್ರೈ ಫೋರ್ಕ್ ಊರಿನಲ್ಲಿ ಅರವತ್ತೈದಾದವರ ಮುಂದೆ ದಾರಿ ಎರಡು. ಸರ್ಕಾರದ ಮೆಡಿಕೇರ್ ವಿಮೆಯ ಕಾರ್ಡನ್ನು ಹಾಗೆಯೇ ಇಟ್ಟುಕೊಂಡು, ಅದು ಕಟ್ಟದೆ ಬಿಡುವ ಪಾಲಿಗೆ ಪೂರಕ ಪಾಲಿಸಿಯೊಂದನ್ನು ಕೊಂಡು, ತಿಂಗಳು ತಿಂಗಳು ದುಡ್ಡು ತೆರಬಹುದು. ಇಲ್ಲವೇ ಎಲ್ಲವನ್ನೂ ಒಂದು ಖಾಸಗಿ ಕಂಪನಿಯ ಕೈಗೆ ಒಪ್ಪಿಸಬಹುದು. ಕಂಪನಿ ತನ್ನ ದುಡ್ಡನ್ನು ಸರ್ಕಾರದಿಂದ ವಸೂಲು ಮಾಡಿಕೊಳ್ಳುತ್ತದೆ. ಮೇಲೆ ಹಲ್ಲು, ಕನ್ನಡಕ ಎಂದು ಒಂದಿಷ್ಟು ಪುಕ್ಕಟೆ ಸೇರಿಸುತ್ತದೆ. ಯಾವ ವೈದ್ಯ, ಯಾವ ಹಾಸಿಗೆ, ಎಷ್ಟು ದಿನ ಎನ್ನುವುದು ಮಾತ್ರ ಅದರ ಇಷ್ಟ. ಮೊದಲನೆಯದಕ್ಕೆ ದುಡ್ಡು ಕೊಡಬೇಕು, ಎರಡನೆಯದಕ್ಕೆ ಅಪ್ಪಣೆ ಕೇಳಬೇಕು.

ಡ್ರೈ ಫೋರ್ಕಿನವರಿಗೆ ಸರ್ಕಾರವೆಂದರೆ ಆಗದು. ಸರ್ಕಾರದ ರಸ್ತೆ, ಸರ್ಕಾರದ ಹುಲ್ಲುಗಾವಲು, ಸರ್ಕಾರದ ಪರಿಹಾರ ಎಲ್ಲವನ್ನೂ ಬಳಸುತ್ತ ಬಳಸುತ್ತಲೇ ಬೈಯುವುದು ಅವರ ವಾಡಿಕೆ. ಆದ್ದರಿಂದ ಅದೇ ಸರ್ಕಾರದ ಹಣಕ್ಕೆ ಕುದುರೆ ಜೀನಿನ ಚಿತ್ರ ಅಂಟಿಸಿ, ‘ಗೋಲ್ಡನ್ ಸ್ಯಾಡಲ್ ಪ್ಲಸ್’ ಎಂದು ಹೆಸರಿಟ್ಟು ಕೊಟ್ಟಾಗ ಅವರಿಗೆ ಬಹಳ ಸಮಾಧಾನವಾಯಿತು. ಕೊಟ್ಟವನು ಕ್ಲೇಟನ್ ಬಾಕ್ ಆದ್ದರಿಂದ ಇನ್ನಷ್ಟು ಸಮಾಧಾನವಾಯಿತು.

ಕ್ಲೇಟನ್ ಊರಿನ ದನದ ಹರಾಜುಗಾರ. ಹರಾಜು ಮಂಗಳವಾರ ಮಾತ್ರ. ಉಳಿದ ದಿನ ವಿಮೆ. ಶಾಲೆಗೆ ಬಸ್ಸು ಬೇಕಾದಾಗ, ಯಾರದೋ ಕೊಟ್ಟಿಗೆ ಕುಸಿದಾಗ ಸಹಾಯಾರ್ಥ ಹರಾಜಿಗೆ ನಿಂತು ಕೂಗುತ್ತಿದ್ದವನೂ ಅವನೇ. ಅದಕ್ಕೆ ಒಂದು ಡಾಲರೂ ಮುಟ್ಟುತ್ತಿರಲಿಲ್ಲ. ಅವನ ಅಪ್ಪನೂ ಅದೇ ಕಟ್ಟೆಯ ಮೇಲೆ ನಿಂತು ಕೂಗಿದವನು. ಆ ಕಟ್ಟೆಗೆ ಬರೆಯದ ಕಟ್ಟಳೆಯೊಂದಿತ್ತು: ದನದ ಐಬು ಗೊತ್ತಿದ್ದರೆ, ಬೆಲೆ ಕೂಗುವ ಮೊದಲೇ ಹರಾಜುಗಾರ ಬಾಯಿಬಿಟ್ಟು ಹೇಳಬೇಕು. ಈ ಹಸುವಿಗೆ ಎಡಗಣ್ಣು ಮಂಜು. ಇದು ಬೇಲಿ ಹಾರುತ್ತದೆ. ಇದರ ಒಂದು ಮೊಲೆ ಬತ್ತಿದೆ. ಹೇಳಿದ ಮೇಲೆ ಕೊಂಡರೆ ಕೊಂಡವನ ಪಾಡು. ಹೇಳದೆ ಮಾರಿದವನ ಕೈಯನ್ನು ಆಮೇಲೆ ಯಾರೂ ಕುಲುಕುತ್ತಿರಲಿಲ್ಲ. ಪಕ್ಕದ ಕೌಂಟಿಯ ಹರಾಜುಗಾರನೊಬ್ಬ ಹಾಗೆ ಮಾಡಿ, ಕೊನೆಗೆ ಅರಿಜೋನಾಕ್ಕೆ ಹೋಗಿ ಗಾಲ್ಫ್ ಗಾಡಿ ಮಾರಬೇಕಾಗಿ ಬಂದಿತ್ತು.

ಈ ವರ್ಷದ ಅಕ್ಟೋಬರಿನಲ್ಲಿ ಆರ್ಡಿಸ್‌ಳ ಸೊಂಟ ಕೈಕೊಟ್ಟಿತು. ಹಿಂದೊಮ್ಮೆ ಕುದುರೆಯೊಂದು ಅವಳನ್ನು ಕಂಬಕ್ಕೆ ಒತ್ತಿ ಕೀಲು ಪುಡಿ ಮಾಡಿತ್ತು. ಆಗ ಕೂರಿಸಿದ್ದ ಲೋಹದ ಕೀಲು ಈಗ ಸಡಿಲವಾಗಿ, ಅವಳು ನಡೆದರೆ ಹಳೆಯ ಗೇಟಿನಂತೆ ಕಿರುಗುಟ್ಟುತ್ತಿತ್ತು. ದೂರದ ಬಿಲ್ಲಿಂಗ್ಸ್ ನಗರದ ವೈದ್ಯ ಎಕ್ಸ್‌ರೇ ನೋಡಿ, ಹಳೆಯದನ್ನು ಕಿತ್ತು ಹೊಸದು ಹಾಕಬೇಕು ಎಂದ. ಜನವರಿಯಲ್ಲಿ ಶಸ್ತ್ರಚಿಕಿತ್ಸೆ, ಅಲ್ಲಿ ಐದು ದಿನ. ಆಮೇಲೆ ಎತ್ತಿ ಕೂರಿಸುವವರು, ಹಿಡಿದು ನಡೆಸುವವರು ಇರುವ ಕಡೆ ಒಂದು ತಿಂಗಳು.

ಅಂಥ ಕಡೆ ಡ್ರೈ ಫೋರ್ಕಿನಲ್ಲೇ ಇತ್ತು. ಊರ ಪುಟ್ಟ ಆಸ್ಪತ್ರೆ, ಬೇರೆ ಊರಿನಲ್ಲಿ ಕೊಯ್ಸಿಕೊಂಡು ಬಂದವರು ಚೇತರಿಸಿಕೊಳ್ಳಲೆಂದೇ ಕೆಲವು ಹಾಸಿಗೆ ಇಟ್ಟಿತ್ತು. ಅಲ್ಲಿನ ದಾದಿಯರ ಮುಖ್ಯಸ್ಥೆ ಟ್ವೈಲಾ, ಆರ್ಡಿಸ್‌ಳ ಜತೆ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವಳು. ಆರ್ಡಿಸ್ ಹೋಗಿ, ಹಾಸಿಗೆ ಇದೆಯಾ ಎಂದು ಕೇಳಿದಳು.

‘ಇದೆಯಾ ಅಂತ ಕೇಳ್ತೀಯಾ? ಬಾ ನೋಡು,’ ಎಂದಳು ಟ್ವೈಲಾ. ‘ಒಂದರಲ್ಲಿ ಜನ ಮಲಗಿದಾರೆ. ಉಳಿದವುಗಳಲ್ಲಿ ಕ್ರಿಸ್‌ಮಸ್ ಅಲಂಕಾರದ ಪೆಟ್ಟಿಗೆ ಮಲಗಿವೆ.’

‘ಹಾಗಾದ್ರೆ ಜನವರಿಗೆ ನಂಗೊಂದು ಹಿಡಿದಿಡು. ಕಿಟಕಿ ಪಕ್ಕದ್ದು.’

‘ನಿಂದು ಯಾವುದು? ಸರ್ಕಾರದ್ದಾ, ಜೀನಿಂದಾ?’

‘ಜೀನಿಂದು.’

ಟ್ವೈಲಾ ಪೆನ್ನು ಕೆಳಗಿಟ್ಟಳು. ‘ಅಯ್ಯೋ ಹುಡುಗಿ, ನೀನೂನಾ? ಅವರು ಅಪ್ಪಣೆ ಕೊಡಲ್ಲ ಕಣೇ. ಕೊಟ್ರೂ ಮೂರೇ ದಿನಕ್ಕೆ ಫೋನ್ ಮಾಡಿ, ಆಕೆ ಬಾತ್‌ರೂಮಿಗೆ ಹೋಗ್ತಾಳಾ ಅಂತ ಕೇಳ್ತಾರೆ. ಹೋಗ್ತಾಳೆ ಅಂದ್ರೆ, ಹಾಗಾದ್ರೆ ಮನೆಗೂ ಹೋಗ್ತಾಳೆ ಅಂತಾರೆ.’

‘ಹೋಗಲ್ಲ ಅಂದ್ರೆ?’

‘ಅವರ ಪಟ್ಟಿಲಿರೋ ನರ್ಸಿಂಗ್ ಹೋಮಿಗೆ ಹಾಕ್ತಾರೆ. ಇರ್ಮಾನ ಕಳಿಸಿದ್ರಲ್ಲ, ಡಕೋಟಾ ಗಡಿ ದಾಟಿ, ಅಲ್ಲಿಗೆ.’

ಇರ್ಮಾ ಶಾಫರ್ ಕ್ವಾಮ್‌ರ ನೆರೆಯವಳು. ನೆರೆ ಎಂದರೆ ನಡುವೆ ಆರು ಮೈಲಿ. ಹೋದ ಚಳಿಗಾಲ ಮಂಜಿನ ಮೇಲೆ ಜಾರಿ ಕಾಲು ಮುರಿದುಕೊಂಡವಳು ಅಲ್ಲಿಂದ ಬಂದದ್ದು ವಸಂತದಲ್ಲಿ. ಅಲ್ಲಿ ಹೇಗಿತ್ತು ಎಂದು ಆರ್ಡಿಸ್ ಅಂದೇ ಸಂಜೆ ಫೋನ್ ಮಾಡಿ ಕೇಳಿದಳು.

‘ಅಷ್ಟೇನೂ ಕೆಟ್ಟದಾಗಿರಲಿಲ್ಲ,’ ಎಂದಳು ಇರ್ಮಾ.

ಆರ್ಡಿಸ್ ಗಾಬರಿಯಾದಳು. ಆ ಸೀಮೆಯಲ್ಲಿ ಸುಂಟರಗಾಳಿ ಛಾವಣಿ ಹಾರಿಸಿಕೊಂಡು ಹೋದರೂ ಜನ ‘ಸ್ವಲ್ಪ ಗಾಳಿ ಇತ್ತು’ ಎನ್ನುತ್ತಿದ್ದರು. ‘ಅಷ್ಟೇನೂ ಕೆಟ್ಟದಾಗಿರಲಿಲ್ಲ’ ಎನ್ನುವ ಮಟ್ಟಕ್ಕೆ ಇರ್ಮಾ ಇಳಿದಿದ್ದಾಳೆ ಎಂದರೆ ಅದು ನರಕವೇ ಆಗಿದ್ದಿರಬೇಕು.

ಅವಳಿಗೆ ನೋವಿನ ಹೆದರಿಕೆ ಇರಲಿಲ್ಲ. ಓರಿನ್‌ಗೆ ಕತ್ತಲಾದರೆ ರಸ್ತೆ ಕಾಣದು, ಜನವರಿಯಲ್ಲಿ ಸಂಜೆಯಾಗುವ ಮೊದಲೇ ಕತ್ತಲು. ಫೆಬ್ರವರಿಗೆ ಹಸುಗಳು ಕರು ಹಾಕಲು ಶುರು, ಆಮೇಲೆ ಅವನು ಹಟ್ಟಿ ಬಿಟ್ಟು ಕದಲುವ ಹಾಗಿಲ್ಲ. ಗಡಿಯಾಚೆ ಮಲಗಿದರೆ ಒಂದು ತಿಂಗಳು ಗುರುತಿನ ಒಂದು ಮುಖವೂ ಕಾಣುವುದಿಲ್ಲ. ಅವಳ ಅತ್ತೆಯನ್ನು ಒಮ್ಮೆ ಹೀಗೆಯೇ ‘ಎರಡೇ ವಾರ’ ಎಂದು ದೂರ ಕಳಿಸಿದ್ದರು. ಮುದುಕಿ ಅಲ್ಲಿ ಗೋಡೆಯ ಕಡೆ ತಿರುಗಿ ಮಲಗಿ, ಅನ್ನ ಬಿಟ್ಟು, ಊರಿಗೆ ಬಂದದ್ದು ಚರ್ಚಿನ ಹಿಂದಿನ ಸ್ಮಶಾನಕ್ಕೆ. ಆರ್ಡಿಸ್ ಈ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಕಿಟಕಿ ಪಕ್ಕದ ಆ ಹಾಸಿಗೆ ತನಗೆ ಬೇಕು ಎಂದಷ್ಟೇ ತೀರ್ಮಾನಿಸಿದಳು. ಪ್ಲಾನು ಬದಲಾಯಿಸಲು ಡಿಸೆಂಬರ್ ಏಳರವರೆಗೆ ಸಮಯವಿತ್ತು.

ಓರಿನ್‌ಗೆ ಹೇಳಿದಾಗ ಅವನು ಚಮಚ ಕೆಳಗಿಟ್ಟ.

‘ಕ್ಲೇಟನ್ ಹತ್ರ ಹೋಗಿ ನಿನ್ನದು ಬೇಡ ಅಂತೀಯಾ? ನಮ್ಮ ಹುಲ್ಲು ಸುಟ್ಟುಹೋದಾಗ ಯಾರು ನಿಂತು ಹರಾಜು ಕೂಗಿದ್ದು?’

‘ಅವನು ಕೂಗಿದ್ದಕ್ಕೆ ನನ್ನ ಸೊಂಟ ಬರೆದುಕೊಡ್ಲಾ?’

‘ಒಳ್ಳೆ ಮನುಷ್ಯ ಅಂದೆ, ಅಷ್ಟೆ.’

‘ಒಳ್ಳೆ ಮನುಷ್ಯನೇ. ಆದ್ರೆ ನಾನು ಮಲಗಬೇಕಾಗಿರೋದು ಅವನ ಮೇಲಲ್ಲ, ಹಾಸಿಗೆ ಮೇಲೆ.’

ಓರಿನ್‌ನ ಕಿವಿ ಕೆಂಪಾಯಿತು. ನಾರ್ವೆಯಿಂದ ಬಂದ ಅವನ ವಂಶದಲ್ಲಿ ಊಟದ ಮೇಜಿನ ಮುಂದೆ ಇಂಥ ಮಾತು ಯಾರೂ ಆಡಿರಲಿಲ್ಲ. ‘ಕನ್ನಡಕ ಪುಕ್ಕಟೆ ಕೊಡ್ತಾರೆ,’ ಎಂದ.

‘ಕೊಡ್ತಾರೆ. ಅದನ್ನ ಹಾಕ್ಕೊಂಡು ಅವರ ಪುಸ್ತಕ ಓದಿದೀಯಾ?’

ಕಂಪನಿ ಪ್ರತಿ ವರ್ಷ ಕಳಿಸುತ್ತಿದ್ದ ನಿಯಮಗಳ ಪುಸ್ತಕ ದಪ್ಪಗಿತ್ತು; ಸದ್ಯ ಅದು ಫ್ರಿಜ್ಜಿನ ಒಂದು ಕಾಲಿನ ಕೆಳಗಿತ್ತು.

‘ಅದೇ ಹೋರಿ ಆಗಿದ್ರೆ ನೀನು ಮೂರು ಸಲ ಓದ್ತಿದ್ದೆ.’

‘ಹೋರಿ ವಿಷಯ ಬೇರೆ, ಆರ್ಡಿಸ್.’

‘ಬೇರೆನೇ. ಅದು ಸರಿಯಿಲ್ಲ ಅಂದ್ರೆ ಮಾರಬಹುದು.’

ಓರಿನ್ ಮತ್ತೆ ಚಮಚ ಎತ್ತಿಕೊಂಡ. ‘ಗುರುವಾರ ಕ್ಲೇಟನ್ ಮೀಟಿಂಗ್ ಇದೆ. ಬೇಕಾದ್ರೆ ಅಲ್ಲಿ ಕೇಳು. ಮೆಲ್ಲಗೆ ಕೇಳು. ಅವನ ಮುಖ ಕೆಡಿಸಬೇಡ.’

ಗುರುವಾರದ ಮೀಟಿಂಗು ಅಗ್ನಿಶಾಮಕ ಠಾಣೆಯಲ್ಲಿ. ಜನ ಕೂರಲು ಜಾಗ ಬೇಕೆಂದು ಬೆಂಕಿ ಆರಿಸುವ ಎರಡೂ ಲಾರಿಗಳನ್ನು ಹೊರಗೆ, ಕೊರೆಯುವ ಚಳಿಯಲ್ಲಿ ನಿಲ್ಲಿಸಿದ್ದರು. ಅವತ್ತು ಊರಿಗೆ ಬೆಂಕಿ ಬಿದ್ದಿದ್ದರೆ ಲಾರಿಗಳ ಎಂಜಿನ್ ಕಾಯಿಸಲು ಆ ಬೆಂಕಿಯೇ ಬೇಕಾಗುತ್ತಿತ್ತು.

ಬಾಗಿಲ ಬಳಿ ಕ್ಲೇಟನ್‌ನ ಹೆಂಡತಿ ಜೋಲೀನ್ ಪೈ ಕೊಯ್ಯುತ್ತಿದ್ದಳು. ವಿಮೆ ಮಾರುವ ಸಭೆಯಲ್ಲಿ ಊಟ ಹಾಕಬಾರದು, ಬೇಕಾದರೆ ತಿಂಡಿ ಕೊಡಬಹುದು ಎಂದು ಸರ್ಕಾರದ ನಿಯಮ. ಪೈ ಎಷ್ಟು ಅಗಲವಾದರೆ ಊಟವಾಗುತ್ತದೆ ಎಂದು ನಿಯಮದಲ್ಲಿ ಇರಲಿಲ್ಲವಾದ್ದರಿಂದ ಜೋಲೀನ್ ಬೆರಳಗಲ ಕೊಯ್ಯುತ್ತಿದ್ದಳು. ಜನ ಒಂದೊಂದು ತುಂಡು ತೆಗೆದುಕೊಂಡು, ಒಳಗೆ ಹೋಗಿ, ಮತ್ತೆ ಸಾಲಿನ ಕೊನೆಗೆ ಬಂದು ನಿಲ್ಲುತ್ತಿದ್ದರು. ಕಾನೂನು ಎಲ್ಲೂ ಮುರಿಯಲಿಲ್ಲ, ಹೊಟ್ಟೆಯೂ ತುಂಬಿತು.

ಕ್ಲೇಟನ್ ಕಂಪನಿಯ ನೀಲಿ ಜಾಕೆಟ್ ತೊಟ್ಟಿದ್ದ. ಟೋಪಿ ಇರಲಿಲ್ಲ. ಟೋಪಿಯಿಲ್ಲದ ಕ್ಲೇಟನ್‌ನನ್ನು ಜನ ಶವಸಂಸ್ಕಾರದಲ್ಲಿ ಬಿಟ್ಟರೆ ಇಲ್ಲೇ ನೋಡುತ್ತಿದ್ದದ್ದು. ಗೋಡೆಯ ಮೇಲೆ ಪ್ರೊಜೆಕ್ಟರಿನ ಚಿತ್ರ ಬಿತ್ತು: ಬೆಳ್ಳಿ ಕೂದಲಿನ ಗಂಡ ಹೆಂಡತಿ ಹಲ್ಲು ಬಿಟ್ಟುಕೊಂಡು ದೋಣಿ ಹುಟ್ಟು ಹಾಕುತ್ತಿದ್ದರು. ಡ್ರೈ ಫೋರ್ಕಿನಲ್ಲಿ ದೋಣಿ ಇರಲಿಲ್ಲ, ದೋಣಿ ತೇಲುವಷ್ಟು ನೀರೂ ಇರಲಿಲ್ಲ.

‘ಜಿಮ್ ಸದಸ್ಯತ್ವ ಸಂಪೂರ್ಣ ಉಚಿತ,’ ಎಂದ ಕ್ಲೇಟನ್. ‘ಹತ್ತಿರದ್ದು ಮೈಲ್ಸ್ ಸಿಟಿಲಿದೆ.’

‘ಅಷ್ಟು ದೂರ ಹೋಗಿ ಏನು ಮಾಡ್ಬೇಕು?’ ಎಂದಿತು ಹಿಂದಿನ ಸಾಲಿನ ಒಂದು ಮುದಿ ದನಿ.

‘ಭಾರ ಎತ್ತಬಹುದು.’

‘ಎತ್ತಿ?’

‘ಮತ್ತೆ ಕೆಳಗಿಡೋದು.’

‘ಎಲ್ಲಿಗೂ ಸಾಗಿಸೋದು ಬೇಡ್ವಾ?’

‘ಬೇಡ.’

‘ಹುಚ್ಚು ಮುಂಡೇವು,’ ಎಂದಿತು ದನಿ. ಎಲ್ಲರೂ ನಕ್ಕರು, ಪೈ ಇನ್ನೊಂದು ಸುತ್ತು ಹೋಯಿತು.

ಪ್ರಶ್ನೆಗಳಿವೆಯಾ ಎಂದು ಕ್ಲೇಟನ್ ಕೇಳಿದಾಗ ಆರ್ಡಿಸ್ ಎದ್ದಳು. ಏಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು, ಆದ್ದರಿಂದ ಸಭೆ ಪೂರ್ತಿ ಅವಳ ಕಡೆ ತಿರುಗಿತು. ಓರಿನ್ ತನ್ನ ಬೂಟಿನ ತುದಿ ನೋಡತೊಡಗಿದ.

‘ಕ್ಲೇಟನ್, ಜನವರೀಲಿ ಬಿಲ್ಲಿಂಗ್ಸ್‌ನಲ್ಲಿ ನನ್ನ ಸೊಂಟ ಕೊಯ್ತಾರೆ. ಆಮೇಲೆ ನಾನು ಯಾವ ಹಾಸಿಗೇಲಿ ಮಲಗ್ತೀನಿ?’

ಹುಡುಗನಾಗಿದ್ದಾಗ ಕ್ಲೇಟನ್ ಕರು ಸಾಕುವುದನ್ನು ಕಲಿತದ್ದು ಆರ್ಡಿಸ್‌ಳ ಕೈಯಲ್ಲಿ. ಅವನು ಜಾಕೆಟ್ಟಿನ ಜಿಪ್ ಮೇಲೆಳೆದುಕೊಂಡ. ‘ಮಿಸೆಸ್ ಕ್ವಾಮ್, ನಮ್ಮ ಪ್ಲಾನಿನಲ್ಲಿ ಪ್ರತಿಯೊಬ್ಬ ಸದಸ್ಯರಿಗೂ ಸೂಕ್ತವಾದ ಸ್ಥಳದಲ್ಲಿ ಸೂಕ್ತವಾದ ಆರೈಕೆ ದೊರೆಯುತ್ತದೆ.’

‘ಇದು ನಿನ್ನ ಮಾತಲ್ಲ.’

‘ಕಂಪನಿ ಮಾತು. ಅದು ಬಿಟ್ಟು ಬೇರೆ ಹೇಳೋ ಹಾಗಿಲ್ಲ ನಾನು.’

‘ಮಂಗಳವಾರ ಒಂದು ಹಸು ಬರುತ್ತೆ, ಒಂದು ಮೊಲೆ ಬತ್ತಿರುತ್ತೆ ಅಂತಿಟ್ಕೋ. ಅವತ್ತು ಏನು ಹೇಳ್ತೀಯ? ಸೂಕ್ತವಾದ ಮೊಲೆಯಿಂದ ಸೂಕ್ತವಾದ ಹಾಲು ದೊರೆಯುತ್ತದೆ ಅಂತೀಯಾ?’

ಯಾರೋ ಕಾಫಿ ಉಗುಳಿದ ಸದ್ದಾಯಿತು. ಕ್ಲೇಟನ್ ಮಾತ್ರ ನಗಲಿಲ್ಲ.

‘ಇದು ದನ ಅಲ್ಲ, ಮಿಸೆಸ್ ಕ್ವಾಮ್.’

‘ಗೊತ್ತು. ದನ ಆಗಿದ್ರೆ ನೀನಾಗಿ ನೀನೇ ಹೇಳಿರ್ತಿದ್ದೆ, ನಾನು ಕಾಲುನೋವಲ್ಲಿ ನಿಂತು ಕೇಳ್ಬೇಕಾಗಿರ್ಲಿಲ್ಲ. ಕಟ್ಟೆ ಮೇಲೆ ನಿಂತು ಹೇಳು, ಕ್ಲೇಟನ್.’

ಆ ಊರಿನಲ್ಲಿ ಮನುಷ್ಯನೊಬ್ಬನಿಗೆ ಸುಳ್ಳುಗಾರ ಎಂದರೂ ನಡೆದೀತು, ಈ ಮಾತು ಹಾಗಲ್ಲ. ಓರಿನ್ ಅವಳ ಸ್ವೆಟರಿನ ಅಂಚು ಹಿಡಿದು ಜಗ್ಗಿದ; ಅವಳು ಅವನ ಕೈ ಮೇಲೆ ಒಂದೇಟು ಕೊಟ್ಟಳು.

ಕ್ಲೇಟನ್ ಹೆಂಡತಿಯ ಮುಖ ನೋಡಿದ. ಜೋಲೀನ್ ಚಾಕು ಹಿಡಿದುಕೊಂಡು ಛಾವಣಿ ನೋಡುತ್ತಿದ್ದಳು. ಅವನು ಗೋಡೆಯ ಮೇಲಿನ ಚಿತ್ರ ಆರಿಸಿದ, ಜಾಕೆಟ್ ಬಿಚ್ಚಿ ಕುರ್ಚಿಗೆ ಹಾಕಿದ, ಮೂಲೆಯ ಗೂಟದಿಂದ ಟೋಪಿ ತಂದು ತಲೆಗೆ ಒತ್ತಿಕೊಂಡ. ಆಮೇಲೆ ಬೆಂಚೊಂದರ ಮೇಲೆ ಹತ್ತಿ ನಿಂತ. ಹೊರಟದ್ದು ಮಂಗಳವಾರದ ದನಿ; ಕಿಟಕಿ ಗಾಜು ಗುಂಯ್‌ಗುಟ್ಟಿತು.

‘ಸರಿ, ಕೇಳ್ಕೊಳ್ರಪ್ಪಾ! ಗೋಲ್ಡನ್ ಸ್ಯಾಡಲ್ ಪ್ಲಸ್, ಕಟ್ಟೆಗೆ ಬಂದಿದೆ! ನೋಡಕ್ಕೆ ಲಕ್ಷಣ. ಹಲ್ಲು ಭೇಷಾಗಿದೆ, ಖರ್ಚು ಮಾಡಿರೋದೇ ಹಲ್ಲಿಗೆ. ಮೇವಿನ ಖರ್ಚಿಲ್ಲ. ಈಗ ಐಬು. ನೀವು ಗಟ್ಟಿಯಾಗಿರೋವಾಗ ಇದು ಸಾಧು, ಮಕ್ಕಳೂ ಹತ್ತಿ ಕೂರಬಹುದು. ಕಾಯಿಲೆ ಬಿದ್ರೋ, ಹಿಂಗಾಲಲ್ಲಿ ಒದೆಯುತ್ತೆ. ಸ್ಕ್ಯಾನ್ ಬೇಕಾದ್ರೆ ಮೊದಲು ಅಪ್ಪಣೆ ಕೇಳ್ಬೇಕು. ಅಪ್ಪಣೆ ಕೊಡೋನು ಮೊಂಟಾನಾ ಎಲ್ಲಿದೆ ಅಂತ ನಿಮ್ಮನ್ನೇ ಕೇಳ್ತಾನೆ. ಬಿಲ್ಲಿಂಗ್ಸ್‌ನಲ್ಲಿ ಕೊಯ್ಸ್ಕೊಂಡ್ರೆ ನಮ್ಮೂರ ಹಾಸಿಗೆಗೆ ಬಿಡೋದು ಅಪರೂಪ, ಗಡಿಯಾಚೆಗೆ ಅಟ್ಟುತ್ತೆ. ವರ್ಷ ವರ್ಷ ಬಣ್ಣ ಬದಲಾಯಿಸುತ್ತೆ, ಹೋದ ವರ್ಷದ ವೈದ್ಯ ಈ ವರ್ಷ ಇರ್ತಾನೋ ಇಲ್ವೋ ನಾನು ಹೇಳಲಾರೆ. ಇನ್ನು ಇದರ ದೊಡ್ಡಿ ಬಾಗಿಲು. ಒಳಗೆ ಹೋಗಕ್ಕೆ ಪೂರ್ತಿ ತೆಗೆಯುತ್ತೆ. ಮೊದಲ ವರ್ಷದೊಳಗೆ ಹೊರಗೆ ಬಂದ್ರೆ ಬಂದ್ರಿ. ಆಮೇಲೆ ಸರ್ಕಾರದ ಕಾರ್ಡಿಗೆ ವಾಪಸ್ ಹೋಗಬಹುದು, ಜತೆಗೆ ಬೇಕಾದ ಪೂರಕ ಪಾಲಿಸಿ ಕೊಡೋರು ಮಾತ್ರ ನಿಮ್ಮ ಹೃದಯ, ಸಕ್ಕರೆ, ಮೊಣಕಾಲು ಎಲ್ಲಾ ವಿಚಾರಿಸ್ತಾರೆ. ವಿಚಾರಿಸಿ, ಬೇಡ ಅಂತಾರೆ. ಇನ್ನೊಂದು ಮಾತು: ಇದನ್ನ ಮಾರಿದ್ರೇನೇ ನಂಗೆ ಕಮಿಷನ್ ಜಾಸ್ತಿ. ಅಷ್ಟೇ ನನಗೆ ಗೊತ್ತಿರೋದು. ಮುಚ್ಚಿಟ್ಟಿದ್ದೇನೂ ಇಲ್ಲ.’

ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡು, ಮತ್ತೆ ಹಾಕಿಕೊಂಡ. ಬೆಂಚಿನಿಂದ ಇಳಿದಾಗ ಅವನ ಮುಖ, ವಿಮೆಯ ದಂಧೆಯನ್ನು ಆಗತಾನೇ ಹೂತುಬಂದವನ ಮುಖದಂತಿತ್ತು. ಆರ್ಡಿಸ್‌ಗೆ ಅಯ್ಯೋ ಅನ್ನಿಸಿತು. ಜನ ಎದ್ದು ಹೋಗುತ್ತಾರೆ, ಅವನಿಗೆ ಒಂದು ಸಹಿಯೂ ಸಿಗುವುದಿಲ್ಲ. ಅದಕ್ಕೆ ತಾನೇ ಕಾರಣ ಎಂದುಕೊಂಡಳು.

ಹಿಂದಿನ ಸಾಲಿನ ಮುದಿ ದನಿ ಎದ್ದು ನಿಂತಿತು. ‘ನಲವತ್ತು ವರ್ಷದಿಂದ ವಿಮೆ ಮಾರೋರನ್ನ ನೋಡಿದೀನಿ,’ ಎಂದಿತು. ‘ಇಷ್ಟು ಬಿಡಿಸಿ ಹೇಳಿದೋನು ಇವನೊಬ್ಬನೇ. ಎಲ್ಲಿ ಸಹಿ ಹಾಕ್ಬೇಕಪ್ಪಾ?’

‘ಅವರಪ್ಪನೂ ಹಿಂಗೇ ಇದ್ದ,’ ಎಂದ ಇನ್ನೊಬ್ಬ. ‘ಒಂದು ಕೂದಲು ಮುಚ್ಚಿಡ್ತಿರಲಿಲ್ಲ.’

ಜನ ಎದ್ದರು. ಬಾಗಿಲ ಕಡೆ ಹೋಗಲಿಲ್ಲ. ಕ್ಲೇಟನ್‌ನ ಮೇಜಿನ ಮುಂದೆ ಸಾಲು ನಿಂತರು. ಅದುವರೆಗೆ ಸರ್ಕಾರದ ಕಾರ್ಡಿನಲ್ಲೇ ಇದ್ದು, ಪೈಗೆಂದು ಮಾತ್ರ ಬಂದಿದ್ದವರೂ ನಿಂತರು. ಕಟ್ಟೆಯ ಮೇಲಿಂದ ಹೇಳಿಬಿಟ್ಟ ಐಬು ಆ ಜನಕ್ಕೆ ಐಬೇ ಅಲ್ಲ. ಬಾಯಿಬಿಟ್ಟು ಹೇಳಿದ ಮೇಲೆ ಅದು ಹೇಗೋ ತೀರಿಹೋದ ಲೆಕ್ಕ. ಅದೇ ರೀತಿಯಲ್ಲಿ ಅವರು ಎಷ್ಟೋ ಕುಂಟು ದನಗಳನ್ನು ಒಳ್ಳೆಯ ಬೆಲೆಗೆ ಕೊಂಡು ಮನೆಗೆ ಹೊಡೆದುಕೊಂಡು ಹೋಗಿದ್ದರು. ಸಾಲಿನ ಮುಂದೆ, ಊರುಗೋಲು ಹಿಡಿದು, ಇರ್ಮಾ ಶಾಫರ್ ನಿಂತಿದ್ದಳು.

‘ಇರ್ಮಾ, ನೀನೂನಾ?’

‘ಇನ್ನೊಂದು ವರ್ಷ ನೋಡೋಣ ಅಂತ,’ ಎಂದಳು ಇರ್ಮಾ. ‘ಹುಡುಗ ಎಷ್ಟು ಚೆನ್ನಾಗಿ ಹೇಳಿದ, ಅಲ್ವಾ?’

ಕ್ಲೇಟನ್ ಸಹಿ ಹಾಕಿಸಿ ಹಾಕಿಸಿ ಸುಸ್ತಾದ. ಇಂಥ ವ್ಯಾಪಾರ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಎಲ್ಲರೂ ಹೋದ ಮೇಲೆ ಆರ್ಡಿಸ್ ಮೇಜಿನ ಮುಂದೆ ಕುಳಿತಳು. ಓರಿನ್ ಪಕ್ಕದಲ್ಲಿ ನಿಂತ.

‘ನಂಗೆ ಆ ದೊಡ್ಡಿ ಬಾಗಿಲು ತೋರಿಸು,’ ಎಂದಳು.

‘ನೀವು ಸೇರಿದ್ದು ಮಾರ್ಚ್. ಅರವತ್ತೈದಕ್ಕೆ ಮೊದಲ ಸಲ ಸೇರಿದೋರು ವರ್ಷದೊಳಗೆ ಬಿಟ್ರೆ, ಪೂರಕ ಪಾಲಿಸಿಯವರು ಸೊಂಟದ ವಿಷಯ ತುಟಿ ಬಿಚ್ಚೋ ಹಾಗಿಲ್ಲ.’ ಅವನು ಮೇಜಿನ ಕೆಳಗಿಂದ ಇನ್ನೊಂದು ಚೀಲ ತೆಗೆದ. ‘ಜನವರಿ ಒಂದರಿಂದ ಸರ್ಕಾರದ ಕಾರ್ಡು, ಅದರ ಜತೆ ಇದು, ಮಾತ್ರೆಗಳಿಗೆ ಬೇರೆ ಒಂದು ಸಣ್ಣದು. ತಿಂಗಳು ತಿಂಗಳು ಕಟ್ಟಬೇಕು. ಹಲ್ಲು ಇಲ್ಲ, ಕನ್ನಡಕ ಇಲ್ಲ. ಬಿಲ್ಲಿಂಗ್ಸ್‌ನಲ್ಲಿ ಒಳರೋಗಿಯಾಗಿ ಮೂರು ದಿನ ಇದ್ದು ಬಂದ್ರೆ ಟ್ವೈಲಾ ಹಾಸಿಗೆ ನಿಮ್ಮದು. ವೈದ್ಯರು ಬರೆದುಕೊಟ್ರೆ ಸಾಕು.’

‘ಇದನ್ನೂ ನೀನೇ ಮಾರ್ತೀಯಾ?’

‘ಮಾರ್ತೀನಿ.’

‘ಮಾರ್ಚಲ್ಲಿ ಯಾಕೆ ತೆಗೀಲಿಲ್ಲ?’

‘ನೀವು ಕೇಳ್ಲಿಲ್ಲ,’ ಎಂದ ಕ್ಲೇಟನ್. ಆಮೇಲೆ, ಟೋಪಿ ಇನ್ನೂ ತಲೆಯ ಮೇಲೇ ಇದ್ದದ್ದರಿಂದಲೋ ಏನೋ, ‘ನಾನೂ ಹೇಳ್ಲಿಲ್ಲ,’ ಎಂದು ಸೇರಿಸಿದ.

ಆರ್ಡಿಸ್ ಸಹಿ ಹಾಕಿದಳು. ಈ ಸಲ ಒಲೆಯ ಮೇಲೆ ಏನೂ ಇರಲಿಲ್ಲ. ಒಂದೊಂದು ಸಾಲನ್ನೂ ಓದಿ ಹಾಕಿದಳು. ಓದುವಷ್ಟು ಹೊತ್ತೂ ಓರಿನ್ ಕಾಲು ಬದಲಾಯಿಸುತ್ತ ನಿಂತಿದ್ದ. ಗೆಳೆಯನನ್ನು ಬಿಟ್ಟುಹೋದ ಹಾಗಾಗಲಿಲ್ಲ, ಸಹಿ ಬಿದ್ದದ್ದು ಅವನ ಮೇಜಿನ ಮೇಲೇ ಎಂಬುದು ಅವನಿಗೆ ಮೆಲ್ಲಗೆ ಹೊಳೆಯಿತು. ಹೊಳೆದದ್ದೇ ಧೈರ್ಯವೂ ಬಂತು.

‘ಹಾಗಾದ್ರೆ ನಂಗೂ ಇದೇ ಬರೆದುಬಿಡು, ಕ್ಲೇಟನ್.’

‘ನಿಮ್ಮ ಎದೆಗೆ ಸ್ಟೆಂಟ್ ಹಾಕಿದ್ದು ಯಾವಾಗ?’

‘ಬೇಲಿ ರಿಪೇರಿ ಮಾಡ್ತಿದ್ವಲ್ಲ, ಆ ವರ್ಷ.’

‘ಸಕ್ಕರೆಗೆ ಇಂಜೆಕ್ಷನ್?’

‘ದಿನಾ.’

‘ಐದು ವರ್ಷ ಆಯ್ತು ಓರಿನ್, ನೀವು ಒಳಗೆ ಹೋಗಿ. ಈಗ ನಿಮ್ಮನ್ನ ಯಾರೂ ತಗೊಳ್ಳಲ್ಲ. ಬಾಗಿಲಿನ ವಿಷಯ ಕಟ್ಟೆ ಮೇಲಿಂದ ಹೇಳಿದ್ನಲ್ಲ.’

‘ಹೇಳಿದೆ,’ ಎಂದ ಓರಿನ್. ‘ಅದು ಬೇರೆಯವರಿಗೆ ಅಂದ್ಕೊಂಡೆ.’

ಆರ್ಡಿಸ್‌ಗೆ ನಾಲಿಗೆ ತುದಿಗೆ ಬಂದ ಮಾತು ಹೋರಿಯದ್ದು. ಅವನ ಮುಖ ನೋಡಿ ನುಂಗಿಕೊಂಡಳು. ವಾಪಸು ಹೋಗುವಾಗ ಗಾಡಿ ಅವಳೇ ಓಡಿಸಿದಳು. ಅರ್ಧ ದಾರಿಯಲ್ಲಿ ಓರಿನ್, ‘ನಂಗೇನೂ ಆಗಲ್ಲ ಬಿಡು,’ ಎಂದ. ಆ ಸೀಮೆಯ ಗಂಡಸರ ಆರೋಗ್ಯ ವಿಮೆ ತಲೆತಲಾಂತರದಿಂದ ಅದೊಂದೇ ಮಾತಾಗಿತ್ತು. ಅದಕ್ಕೂ ತಿಂಗಳ ಕಂತು ಇರಲಿಲ್ಲ.

ಜನವರಿಯಲ್ಲಿ ಸೊಂಟ ಕೊಯ್ದರು. ಐದನೆಯ ದಿನ ಆರ್ಡಿಸ್ ಡ್ರೈ ಫೋರ್ಕಿನ ಕಿಟಕಿ ಪಕ್ಕದ ಹಾಸಿಗೆಗೆ ಬಂದಳು. ಟ್ವೈಲಾ ಅವಳನ್ನು ದಿನಕ್ಕೆರಡು ಸಲ ಎಬ್ಬಿಸಿ, ಹಳೆಯ ಬ್ಯಾಸ್ಕೆಟ್‌ಬಾಲ್ ಕೋಚಿನ ಹಾಗೆ ಗದರಿಸುತ್ತ, ಉದ್ದನೆಯ ಓಣಿಯಲ್ಲಿ ನಡೆಸಿದಳು. ಓಣಿಯ ಎರಡೂ ಕಡೆ ಖಾಲಿ ಹಾಸಿಗೆಗಳು, ಬಿಗಿಯಾಗಿ ಎಳೆದ ಬಿಳಿ ಹೊದಿಕೆ. ಊರು ಪಾಳಿಯ ಮೇಲೆ ನೋಡಲು ಬಂತು. ಮುಚ್ಚಿದ ಪಾತ್ರೆಗಳಲ್ಲಿ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಶ್ ತಂದಿಟ್ಟು, ಸುತ್ತ ನೋಡಿ, ಎಲ್ಲರೂ ದನಿ ತಗ್ಗಿಸಿ ಒಂದೇ ಪ್ರಶ್ನೆ ಕೇಳಿದರು.

‘ನಿಂಗೆ ಹೇಗೆ ಸಿಕ್ತು ಇಲ್ಲಿ?’ ಎಂದಳು ಇರ್ಮಾ. ‘ಮೇಲಿನವರು ಯಾರಾದ್ರೂ ಗೊತ್ತಾ?’

‘ಅವತ್ತು ಠಾಣೇಲಿ ನೀನೂ ಇದ್ಯಲ್ಲ.’

‘ಇದ್ದೆ. ನಾನು ಪೂರ್ತಿ ಕೇಳಿದೆ.’ ಇರ್ಮಾ ಹೊದಿಕೆಯ ಅಂಚನ್ನು ಸವರಿದಳು. ‘ಒಳ್ಳೆ ಹಾಸಿಗೆ. ಅಲ್ಲಿದ್ದದ್ದೂ ಅಷ್ಟೇನೂ ಕೆಟ್ಟದಾಗಿರಲಿಲ್ಲ.’ ಆಮೇಲೆ ಅವಳು ತುಂಬಾ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತಳು. ಆರ್ಡಿಸ್ ಅವಳ ಕೈ ಹಿಡಿದುಕೊಂಡಳು.

ಓರಿನ್ ದಿನಾ ಹಗಲು ಹೊತ್ತಿನಲ್ಲಿ ಬರುತ್ತಿದ್ದ. ಫೆಬ್ರವರಿ ಕಾಲಿಟ್ಟಾಗ ಹಸುಗಳು ಕರು ಹಾಕತೊಡಗಿದವು, ಅವನ ನಿದ್ದೆ ಹೋಯಿತು. ಒಂದು ಮಧ್ಯಾಹ್ನ ಬಂದವನು ಟೋಪಿ ತೆಗೆಯುವುದನ್ನೂ ಮರೆತು, ಹೆಂಡತಿಯ ಪಕ್ಕದ ಖಾಲಿ ಹಾಸಿಗೆಯ ಮೇಲೆ ಕುಳಿತ. ಕುಳಿತವನು ಹಾಗೆಯೇ ವಾಲಿ ಮಲಗಿದ. ಸಗಣಿ ಮೆತ್ತಿದ ಬೂಟುಗಳನ್ನು ಮಾತ್ರ ಮರ್ಯಾದೆಯಿಂದ ಹೊರಗೆ ಚಾಚಿಕೊಂಡಿದ್ದ.

ಟ್ವೈಲಾ ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ಏಳು, ಓರಿನ್. ನೀನು ಅಲ್ಲಿ ಮಲಗೋ ಹಾಗಿಲ್ಲ.’

‘ಖಾಲಿ ಇದೆಯಲ್ಲ.’

‘ಖಾಲಿ ಇರೋದಕ್ಕೂ ನಿಂಗೂ ಸಂಬಂಧ ಇಲ್ಲ. ನಿಂದು ಜೀನಿಂದು. ಅವರ ಅಪ್ಪಣೆ ಬೇಕು.’

‘ಹತ್ತು ನಿಮಿಷಕ್ಕೆ?’

‘ಹತ್ತು ನಿಮಿಷಕ್ಕೂ ಬೇಕು. ಫೋನ್ ಮಾಡಿ ಕೇಳ್ಲಾ?’

ಆರ್ಡಿಸ್‌ಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ದಿಂಬನ್ನು ಬಾಯಿಗೆ ಒತ್ತಿಕೊಂಡಳು. ಓರಿನ್ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡ.

‘ಕೇಳು,’ ಎಂದ. ‘ಅವರು ಫೋನ್ ಎತ್ತೋ ಹೊತ್ತಿಗೆ ನನ್ನ ನಿದ್ದೆ ಮುಗಿದಿರುತ್ತೆ.’